ಕಾಲು ಹಿಡ್ಕೊಂಡ್ರೆ ಮಾತ್ರೆ ಅಲ್ಲ, ಉಪ್ಪಿನ ಡಬ್ಬಿ ನೋಡಿ

ಡಯಾಲಿಸಿಸ್ ಮೂರನೇ ಗಂಟೆ ದಾಟಿತು ಅಂದರೆ ನಮ್ಮ ವಾರ್ಡಿನಲ್ಲಿ ಯಾರಾದರೂ ಕೂಗುತ್ತಾರೆ, "ಸಿಸ್ಟರ್, ಕಾಲು ಹಿಡ್ಕೊಳ್ತು!" ಮೀನಖಂಡ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ. ಪಾದವನ್ನು ಮೊಣಕಾಲಿನ ಕಡೆಗೆ ಮೆಲ್ಲಗೆ ಬಗ್ಗಿಸಿ ಹಿಡಿಯುತ್ತೇವೆ, ಮಿಷನ್ನಿನಲ್ಲಿ ನೀರು ತೆಗೆಯುವ ವೇಗ ಇಳಿಸುತ್ತೇವೆ. ಸಾಮಾನ್ಯವಾಗಿ ಸಡಿಲವಾಗುತ್ತದೆ. ಆಮೇಲೆ ಮನೆಯವರದು ಒಂದೇ ಮಾತು: "ನರ ವೀಕ್ ಆಗಿದೆ, ನೋವಿನ ಮಾತ್ರೆ ಬರೆಸಿಕೊಡಿ."

ಅಲ್ಲ. ಡಯಾಲಿಸಿಸ್ ಹೊತ್ತಿನ ಸೆಳೆತಕ್ಕೆ ಹೆಚ್ಚಿನ ಸಲ ಕಾರಣ ನೀರು. 60 ಕೆಜಿಯವರಿಂದ 4 ಗಂಟೆಯಲ್ಲಿ 3 ಲೀಟರ್ ತೆಗೆಯುವುದೇ ಜಾಸ್ತಿ. ಕಿಡ್ನಿ ಹೊರಹಾಕದ ನೀರು ಮೈಯಲ್ಲೇ ಉಳಿದು, ಎರಡು ಡಯಾಲಿಸಿಸ್ ನಡುವೆ ನಾಲ್ಕೂವರೆ ಕೆಜಿ ಏರಿಸಿಕೊಂಡು ಬಂದರೆ? ರಕ್ತದಿಂದ ನೀರು ಸರಸರನೆ ಹೋಗುತ್ತದೆ, ಮೈಯಿಂದ ರಕ್ತಕ್ಕೆ ಅಷ್ಟು ಬೇಗ ಬರುವುದಿಲ್ಲ. ಸ್ನಾಯುವಿಗೆ ರಕ್ತ ಸಾಲದೆ ಹಿಡಿದುಕೊಳ್ಳುತ್ತದೆ.

"ನೀರೇ ಕೊಡ್ತಿಲ್ಲಮ್ಮ, ಚೊಂಬು ಅಡಗಿಸಿ ಇಟ್ಟಿದೀನಿ" ಅಂದರು ಒಬ್ಬ ಅಜ್ಜಿ. ಅವರು ಸುಳ್ಳು ಹೇಳುವವರಲ್ಲ. ಮಧ್ಯಾಹ್ನ ಅಜ್ಜನ ಊಟದ ಡಬ್ಬಿ ತೆರೆದರು. ಮೊಸರನ್ನದ ಪಕ್ಕ ಕರಿದ ಮಜ್ಜಿಗೆ ಮೆಣಸಿನಕಾಯಿ, ನಾಲ್ಕು. ಮೇಲೆ ಉಪ್ಪು ಬಿಳಿ ಪುಡಿಯಾಗಿ ಕಾಣುತ್ತಿತ್ತು.

ಚೊಂಬು ಅಡಗಿಸಿದರೆ ಬಾಯಾರಿಕೆ ಹೋಗುತ್ತಾ? ಸುಮಾರು 8 ಗ್ರಾಂ ಉಪ್ಪು 1 ಲೀಟರ್ ನೀರನ್ನು ಮೈಯಲ್ಲಿ ಹಿಡಿದಿಡುತ್ತದೆ. ಉಪ್ಪು ತಿಂದವರು ಹೇಗಾದರೂ ಮಾಡಿ ಕುಡಿದೇ ಕುಡಿಯುತ್ತಾರೆ, ತಪ್ಪು ಅವರದಲ್ಲ. ಹಾಗಾಗಿ ಮೊದಲು ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ನಿಲ್ಲಿಸಿ. ಅಂಗಡಿಯ 'ಲೋ ಸೋಡಿಯಂ' ಉಪ್ಪು ಮಾತ್ರ ಬೇಡವೇ ಬೇಡ. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಹೃದಯಕ್ಕೆ ಅಪಾಯ.

ಸೂಜಿ ನೋವಿಗೂ ಒಂದು ಉಪಾಯ ಇದೆ. ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇಲ್ಲದ ಕೈಯಲ್ಲಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಐಸ್ ತಿಕ್ಕಿ. ಕೆಲವರಿಗೆ ನೋವು ಕಡಿಮೆ ಅನಿಸುತ್ತದೆ. ಫಿಸ್ಟುಲಾ ಮೇಲೆ ಐಸ್ ಇಡಬೇಡಿ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರು ಬಿಸಿನೀರಿನ ಚೀಲ ಮುಟ್ಟಬೇಡಿ. ಸುಟ್ಟರೂ ಗೊತ್ತಾಗುವುದಿಲ್ಲ.

ತೂಕ ಸರಿಯಿದ್ದೂ ಸೆಳೆತ ಬರುತ್ತಿದ್ದರೆ ಡಾಕ್ಟರಿಗೆ ಹೇಳಿ, ನಿಮ್ಮ ಡ್ರೈ ವೇಟ್ (ಹೆಚ್ಚಿನ ನೀರೆಲ್ಲ ತೆಗೆದ ಮೇಲೆ ಇರಬೇಕಾದ ತೂಕ) ಲೆಕ್ಕ ಬದಲಾಗಿರಬಹುದು. ಎದೆನೋವಾದರೆ ಒಂದು ನಿಮಿಷವೂ ಸುಮ್ನೆ ಇರಬೇಡಿ, ಕೂಗಿ.

ಅಜ್ಜ ಈಗ ಎರಡೂವರೆ ಕೆಜಿ ಏರಿಸಿಕೊಂಡು ಬರುತ್ತಾರೆ. ಸೆಳೆತ ಪೂರ್ತಿ ನಿಂತಿಲ್ಲ, ಅಪರೂಪವಾಗಿದೆ. ಅಜ್ಜಿ ಮೊಸರನ್ನಕ್ಕೆ ಈಗ ಜೀರಿಗೆ, ಶುಂಠಿ, ಹಸಿಮೆಣಸು ಹಾಕಿ ಒಗ್ಗರಣೆ ಕೊಡುತ್ತಾರಂತೆ.