ಹರಾಜು ಕಟ್ಟೆಯಲ್ಲಿ ಬೆಲೆ ಹುಟ್ಟುವ ಬಗೆ

2010ರಲ್ಲಿ ಕೇಂದ್ರ ಸರ್ಕಾರ ಮೊಬೈಲ್ ಸೇವೆಗೆ ಬೇಕಾದ 3ಜಿ ತರಂಗಾಂತರವನ್ನು ಹರಾಜಿಗಿಟ್ಟಿತು. 34 ದಿನ, 183 ಸುತ್ತು ನಡೆದ ಆ ಹರಾಜಿನಿಂದ ಬೊಕ್ಕಸಕ್ಕೆ ಬಂದದ್ದು 67,719 ಕೋಟಿ ರೂಪಾಯಿ. ಎರಡು ವರ್ಷ ಕಳೆದು, 2012ರ ನವೆಂಬರ್‌ನಲ್ಲಿ 2ಜಿ ತರಂಗಾಂತರದ ಹರಾಜು ನಡೆಯಿತು. ಆಗ ಕರ್ನಾಟಕ ವಲಯದ 1800 ಮೆಗಾಹರ್ಟ್ಸ್ ತರಂಗಾಂತರಕ್ಕೆ ಒಬ್ಬರೂ ಬಿಡ್ ಮಾಡಲಿಲ್ಲ. ದೆಹಲಿ, ಮುಂಬೈ, ರಾಜಸ್ಥಾನದ ಕತೆಯೂ ಅದೇ. ಸರ್ಕಾರ ಇಟ್ಟಿದ್ದ ಮೂಲಬೆಲೆ ಜಾಸ್ತಿಯಾಯಿತು ಅಂತ ಕಂಪನಿಗಳು ದೂರ ಉಳಿದವು.

ಈ ಎರಡರ ನಡುವೆ ದೊಡ್ಡ ಘಟನೆಯೊಂದು ಆಗಿತ್ತು. 2008ರಲ್ಲಿ ಮೊದಲು ಬಂದವರಿಗೆ ಆದ್ಯತೆ ಅನ್ನುವ ಲೆಕ್ಕದಲ್ಲಿ, 2001ರ ಹಳೇ ಬೆಲೆಗೇ ಹಂಚಿದ್ದ 122 ಟೆಲಿಕಾಂ ಲೈಸೆನ್ಸ್‌ಗಳನ್ನು ಸುಪ್ರೀಂ ಕೋರ್ಟ್ 2012ರ ಫೆಬ್ರವರಿ 2ರಂದು ರದ್ದು ಮಾಡಿತು. ಅಲ್ಲಿಂದ ಮುಂದೆ ‘ಹರಾಜು ಹಾಕಿದರೆ ಎಲ್ಲ ಸರಿಹೋಗುತ್ತದೆ’ ಅನ್ನುವ ಮಾತು ದೇಶದಲ್ಲಿ ಬಲವಾಗಿ ಬೇರೂರಿತು. ಆದರೆ ಹರಾಜು ಅನ್ನುವುದು ಒಂದೇ ಪದ್ಧತಿಯಲ್ಲ. ನೂರಾರು ವರ್ಷಗಳಲ್ಲಿ ಅದು ಹಲವು ರೂಪ ತಾಳಿದೆ. ಹಳೆಯ ಪದ್ಧತಿಯಲ್ಲಿ ಯಾರೋ ಮೋಸದ ದಾರಿ ಹುಡುಕಿದಾಗಲೆಲ್ಲ ಅದನ್ನು ಮುಚ್ಚಲು ಹೊಸದು ಬಂದಿದೆ.

ಹರಾಜಿಲ್ಲದ ವ್ಯಾಪಾರ ಹೇಗಿರುತ್ತದೆ ಅಂತ ನೋಡಬೇಕಾದರೆ ನಮ್ಮ ದನಗಳ ಜಾತ್ರೆಗೆ ಹೋಗಬೇಕು. ದಲಾಲಿ ಮತ್ತು ಮಾರುವವನು ಟವೆಲ್ ಕೆಳಗೆ ಕೈ ಸೇರಿಸುತ್ತಾರೆ. ಬೆರಳು ಹಿಡಿದೇ ಸಾವಿರ, ಐನೂರು ಅಂತ ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಪಕ್ಕದ ಜೋಡಿ ಎತ್ತು ಎಷ್ಟಕ್ಕೆ ಹೋಯಿತು ಅಂತ ತಿಳಿಯದ ರೈತ ತನ್ನ ಎತ್ತಿಗೆ ಎಷ್ಟು ಕೇಳಬೇಕು? ಅಲ್ಲಿ ಲಾಭ ಯಾವಾಗಲೂ ಹತ್ತು ಕೈ ಹಿಡಿದು ಬಂದ ದಲಾಲಿಯದ್ದೇ.

ಬಹಿರಂಗ ಹರಾಜು ಇದಕ್ಕೆ ನೇರ ವಿರುದ್ಧ. ಊರ ಕೆರೆಯ ಮೀನು, ದೇವಸ್ಥಾನದ ಹುಣಸೆಮರ, ಜಾತ್ರೆಯ ಅಂಗಡಿ ಜಾಗ ಎಲ್ಲವೂ ಹಳ್ಳಿಯಲ್ಲಿ ಸವಾಲಿಗೆ ಬರುವುದು ಹೀಗೆ. ಒಬ್ಬ ಕೂಗುತ್ತಾನೆ, ಇನ್ನೊಬ್ಬ ಏರಿಸುತ್ತಾನೆ. ‘ಒಂದು ಸಾರಿ, ಎರಡು ಸಾರಿ, ಮೂರು ಸಾರಿ’ ಅಂದರೆ ಮುಗಿಯಿತು. ಇಲ್ಲೊಂದು ಸಂಗತಿ ಗಮನಿಸಬೇಕು. ಗೆದ್ದವನು ಕೊಡುವುದು ತನ್ನ ಮನಸ್ಸಿನಲ್ಲಿದ್ದ ಕೊನೆಯ ಬೆಲೆಯನ್ನಲ್ಲ. ಅವನು ಹತ್ತು ಸಾವಿರದವರೆಗೂ ಹೋಗಲು ತಯಾರಿದ್ದು, ಎದುರಾಳಿ ಏಳು ಸಾವಿರಕ್ಕೆ ನಿಲ್ಲಿಸಿದರೆ, ಮರ ಏಳು ಸಾವಿರದ ನೂರಕ್ಕೆ ಅವನದಾಗುತ್ತದೆ. ಅಂದರೆ ಬೆಲೆ ನಿರ್ಧಾರ ಮಾಡುವುದು ಸೋತವನು. ಆ ಸೋಲುವವನೇ ಬರದಿದ್ದರೆ? ಅಥವಾ ಹಿಂದಿನ ರಾತ್ರಿಯೇ ಇಬ್ಬರೂ ಕೂತು ‘ಈ ವರ್ಷ ನಿನಗೆ, ಮುಂದಿನ ವರ್ಷ ನನಗೆ’ ಅಂತ ಮಾತಾಡಿಕೊಂಡಿದ್ದರೆ? ಸವಾಲು ಸುಮ್ನೆ ಶಾಸ್ತ್ರಕ್ಕೆ ನಡೆಯುತ್ತದೆ.

ಹದಿನೇಳನೇ ಶತಮಾನದ ಲಂಡನ್ನಿನಲ್ಲಿ ಮೋಂಬತ್ತಿ ಹರಾಜು ಅಂತ ಒಂದಿತ್ತು. ಒಂದಿಂಚು ಮೋಂಬತ್ತಿ ಹಚ್ಚುವುದು, ಅದು ಆರುವ ಹೊತ್ತಿಗೆ ಯಾರ ಕೂಗು ಕೊನೆಯದೋ ಸರಕು ಅವರಿಗೆ. ಕೊನೆ ಯಾವಾಗ ಅಂತ ಗೊತ್ತಿಲ್ಲದಿದ್ದರೆ ಎಲ್ಲರೂ ಬೇಗ ಬೇಗ ಕೂಗುತ್ತಾರೆ ಅನ್ನುವುದು ಲೆಕ್ಕ. ಹಡಗುಗಳ ಹರಾಜಿನಲ್ಲಿ ಒಬ್ಬ ಮಾತ್ರ ಪ್ರತಿ ಸಲ ಸರಿಯಾದ ಕ್ಷಣಕ್ಕೆ ಕೂಗಿ ಗೆಲ್ಲುತ್ತಿದ್ದನಂತೆ. ಬತ್ತಿ ಆರುವ ಮುಂಚೆ ಹೊಗೆ ಕೆಳಕ್ಕೆ ಇಳಿಯುತ್ತದೆ, ಅದನ್ನೇ ನೋಡುತ್ತಿದ್ದೆ ಅಂದನಂತೆ. ಇವತ್ತು ಆನ್‌ಲೈನ್ ಹರಾಜಿನಲ್ಲಿ ಕೊನೇ ಸೆಕೆಂಡಿಗೆ ಬಿಡ್ ಒತ್ತುವವರು ಮಾಡುವುದೂ ಇದನ್ನೇ. ಅದಕ್ಕೇ ಎಷ್ಟೋ ಇ-ಹರಾಜುಗಳಲ್ಲಿ ಕೊನೆಯ ನಿಮಿಷಗಳಲ್ಲಿ ಬಿಡ್ ಬಂದರೆ ಸಮಯ ತಾನಾಗಿ ಮುಂದಕ್ಕೆ ಹೋಗುವ ವ್ಯವಸ್ಥೆ ಇರುತ್ತದೆ.

ಕೂಗಾಟದ ಬದಲು ಬೆಲೆ ಬರೆದು ಕೊಡುವ ಪದ್ಧತಿ ಟೆಂಡರ್. ಅಡಿಕೆ, ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನಡೆಯುವುದು ಇದು. ವ್ಯಾಪಾರಿ ಚೀಲದಿಂದ ಒಂದು ಹಿಡಿ ಮಾಲು ತೆಗೆದು ಬಣ್ಣ, ತೇವ ನೋಡುತ್ತಾನೆ, ಆ ಲಾಟ್‌ಗೆ ತನ್ನ ದರ ಹಾಕುತ್ತಾನೆ. ಬೇರೆಯವರು ಏನು ಹಾಕಿದ್ದಾರೆ ಅಂತ ಅವನಿಗೆ ಕಾಣುವುದಿಲ್ಲ. ಹೆಚ್ಚು ಹಾಕಿದವನಿಗೆ ಲಾಟ್. ಇಲ್ಲಿ ಗೆದ್ದವನು ತಾನು ಬರೆದಷ್ಟನ್ನೂ ಕೊಡಬೇಕು. ಹಾಗಾಗಿ ಎಲ್ಲರೂ ಮನಸ್ಸಿನಲ್ಲಿರುವುದಕ್ಕಿಂತ ಸ್ವಲ್ಪ ಕಡಿಮೆಯೇ ಬರೆಯುತ್ತಾರೆ. 2014ರಲ್ಲಿ ಕರ್ನಾಟಕ ಸರ್ಕಾರ ಎಪಿಎಂಸಿಗಳನ್ನು ಒಂದೇ ಆನ್‌ಲೈನ್ ವೇದಿಕೆಗೆ ತರಲು ಹೊರಟಿತು. ಬೇರೆ ಊರಿನ ವ್ಯಾಪಾರಿಯೂ ದರ ಹಾಕಲಿ, ಸ್ಥಳೀಯರ ಕೂಟ ಮುರಿಯಲಿ ಅನ್ನುವ ಆಸೆ. 2016ರ ಏಪ್ರಿಲ್ 14ರಂದು ಕೇಂದ್ರ ಶುರುಮಾಡಿದ ಇ-ನಾಮ್ ಅನ್ನುವ ದೇಶವ್ಯಾಪಿ ಆನ್‌ಲೈನ್ ಕೃಷಿ ಮಾರುಕಟ್ಟೆಗೂ ಈ ಪ್ರಯೋಗ ಮಾದರಿಯಾಯಿತು.

ಆದರೂ ಬ್ಯಾಡಗಿಯಲ್ಲಿ 2024ರ ಮಾರ್ಚ್ 11ರಂದು ಆದದ್ದನ್ನು ಮರೆಯಲು ಆಗುವುದಿಲ್ಲ. ಮೆಣಸಿನಕಾಯಿ ದರ ದಿಢೀರ್ ಕುಸಿಯಿತು ಅಂತ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ತಪ್ಪೇ. ಆದರೆ ಆ ಸಿಟ್ಟಿಗೆ ಪದ್ಧತಿಯೂ ಒಂದು ಕಾರಣ ಅಂತ ನನಗೆ ಅನಿಸುತ್ತದೆ. ಕೂಗಿ ಆಗುವ ಸವಾಲಿನಲ್ಲಿ ಬೆಲೆ ಎಲ್ಲಿ ನಿಂತಿತು, ಯಾರು ಹಿಂದೆ ಸರಿದರು ಅಂತ ರೈತ ಕಣ್ಣಾರೆ ನೋಡುತ್ತಾನೆ. ಟೆಂಡರ್‌ನಲ್ಲಿ ಅವನಿಗೆ ಕಾಣುವುದು ಕೊನೆಯ ಅಂಕಿ ಒಂದೇ. ಅನುಮಾನ ಬಂದರೆ ಅದನ್ನು ಹೋಗಲಾಡಿಸುವಂಥದ್ದು ಏನೂ ಅವನ ಕಣ್ಣ ಮುಂದೆ ಇರುವುದಿಲ್ಲ.

ಬೇಗ ಹಾಳಾಗುವ ಮಾಲಿಗೆ ಹಾಲೆಂಡಿನವರು ಇನ್ನೊಂದು ದಾರಿ ಹುಡುಕಿದರು. ಅಲ್ಲಿನ ಬ್ರೂಕ್ ಊರಿನಲ್ಲಿ 1887ರಲ್ಲಿ ತರಕಾರಿಯನ್ನು ಹೀಗೆ ಮಾರಲು ಶುರುಮಾಡಿದರು. ಬೆಲೆ ಮೇಲಿನಿಂದ ಇಳಿಯುತ್ತಾ ಬರುತ್ತದೆ, ಮೊದಲು ‘ನನಗೆ’ ಅಂದವನಿಗೆ ಮಾಲು. ಆಮೇಲೆ ಇದಕ್ಕೆ ಗಡಿಯಾರ ಬಂತು. ದೊಡ್ಡ ಮುಳ್ಳು ಸರಸರ ಇಳಿಯುತ್ತದೆ, ಖರೀದಿದಾರ ಗುಂಡಿ ಒತ್ತಿದ ಕೂಡಲೇ ನಿಲ್ಲುತ್ತದೆ. ಒಂದು ಲಾಟ್ ಕೆಲವೇ ಸೆಕೆಂಡಿನಲ್ಲಿ ಖಾಲಿ. ಅದೇ ದೇಶದ ಆಲ್ಸ್‌ಮೀರ್‌ನ ಹೂವಿನ ಮಾರುಕಟ್ಟೆ ಬೆಳೆದದ್ದು ಇದರಿಂದ. ನಮ್ಮ ಬೆಂಗಳೂರಿನ ಹೆಬ್ಬಾಳದ ಅಂತರರಾಷ್ಟ್ರೀಯ ಹೂ ಹರಾಜು ಕೇಂದ್ರವೂ ಗುಲಾಬಿ, ಜರ್ಬೆರಾ ಮಾರಲು ಇದೇ ಇಳಿಕೆ ಪದ್ಧತಿ ಹಿಡಿಯಿತು.

ಚೀಟಿ ಹರಾಜು ನಮ್ಮಲ್ಲಿ ಮನೆಮನೆಗೂ ಗೊತ್ತು. ಅಲ್ಲಿ ಹರಾಜಾಗುವುದು ದುಡ್ಡೇ. 20 ಜನ ತಿಂಗಳಿಗೆ 5,000ದಂತೆ ಕಟ್ಟುವ ಒಂದು ಲಕ್ಷದ ಚೀಟಿ ಅಂತಿಟ್ಟುಕೊಳ್ಳಿ. ಮಗಳ ಫೀಸಿಗೆ ತುರ್ತಾಗಿ ಬೇಕಾದವರು 25,000 ಬಿಟ್ಟು 75,000ಕ್ಕೆ ಎತ್ತುತ್ತಾರೆ. ಬಿಟ್ಟ 25,000ದಲ್ಲಿ ಚೀಟಿ ನಡೆಸುವವರ ಕಮಿಷನ್ 5,000 ಹೋದರೆ, ಉಳಿದ 20,000 ಎಲ್ಲರಿಗೂ ಸಾವಿರದಂತೆ ಹಂಚಿಕೆ. ಎಲ್ಲರಿಗಿಂತ ಹೆಚ್ಚು ಬಿಟ್ಟುಕೊಡಲು ತಯಾರಿರುವವರೇ ಇಲ್ಲಿ ಗೆಲ್ಲುವುದು. ಯಾರ ಕಷ್ಟ ದೊಡ್ಡದು ಅಂತ ಆ ಹರಾಜೇ ಹೇಳಿಬಿಡುತ್ತದೆ.

1961ರಲ್ಲಿ ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ ಒಂದು ಹೊಸ ಲೆಕ್ಕ ಮುಂದಿಟ್ಟರು. ಎಲ್ಲರೂ ಬೆಲೆ ಬರೆದು ಮುಚ್ಚಿ ಕೊಡಲಿ. ಹೆಚ್ಚು ಬರೆದವನಿಗೇ ಮಾಲು ಸಿಗಲಿ, ಆದರೆ ಅವನು ಎರಡನೆಯವನು ಬರೆದ ಬೆಲೆ ಕೊಟ್ಟರೆ ಸಾಕು. ಹೀಗೆ ಮಾಡಿದರೆ ಯಾರಿಗೂ ಸುಳ್ಳು ಬೆಲೆ ಬರೆಯುವ ಕಾರಣವೇ ಇರುವುದಿಲ್ಲ. ಕಾಗದದ ಮೇಲೆ ಇದು ಸೊಗಸಾದ ವಿಚಾರ. 1996ರಲ್ಲಿ ಅವರಿಗೆ ನೊಬೆಲ್ ಬಂತು, ಪ್ರಕಟವಾದ ಮೂರೇ ದಿನಕ್ಕೆ ಅವರು ತೀರಿಕೊಂಡರು. ಆದರೆ 1990ರಲ್ಲಿ ನ್ಯೂಜಿಲೆಂಡ್ ಈ ಪದ್ಧತಿಯಲ್ಲಿ ತರಂಗಾಂತರ ಮಾರಿದಾಗ ಒಂದು ಲಕ್ಷ ಡಾಲರ್ ಬರೆದಿದ್ದ ಕಂಪನಿಯೊಂದು ಕೊಟ್ಟದ್ದು ಬರೀ 6 ಡಾಲರ್. ಎರಡನೆಯವನು ಬರೆದಿದ್ದೇ ಅಷ್ಟು! ಜನ ಸರ್ಕಾರವನ್ನು ಕೇಳದೇ ಬಿಡುತ್ತಾರಾ? ಅಲ್ಲೂ ಕೊರತೆಯಾಗಿದ್ದು ಬಿಡ್ ಮಾಡುವ ಜನ. 1994ರಲ್ಲಿ ಅಮೆರಿಕ ತರಂಗಾಂತರಕ್ಕೆಂದು ತಂದ ಸುತ್ತು ಸುತ್ತಿನ ಏರುಹರಾಜಿನ ಹಿಂದೆ ಅರ್ಥಶಾಸ್ತ್ರಜ್ಞರಾದ ಪಾಲ್ ಮಿಲ್‌ಗ್ರಾಮ್, ರಾಬರ್ಟ್ ವಿಲ್ಸನ್ ಅವರ ಕೆಲಸವಿತ್ತು. ನಮ್ಮ 183 ಸುತ್ತಿನ 3ಜಿ ಹರಾಜು ಅದೇ ವಂಶದ್ದು. ಅವರಿಬ್ಬರಿಗೂ 2020ರಲ್ಲಿ ನೊಬೆಲ್ ಸಿಕ್ಕಿತು.

ಇಷ್ಟೆಲ್ಲ ಪದ್ಧತಿ ಗೊತ್ತಿದ್ದರೂ ಮಾರುವವನ ಕೈ ಬಲವಾಗುವುದು ಇನ್ನೊಂದು ಕಡೆಯಿಂದ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆ ನೋಡಿ. ಹುಳ ಗೂಡು ಕಟ್ಟುವ ಚಂದ್ರಿಕೆಯಿಂದ ಬಿಡಿಸಿ ತಂದ ಗೂಡನ್ನು ರೈತ ಸುರಿದು, ಲಾಟ್ ನಂಬರ್ ಪಡೆದು ನಿಲ್ಲುತ್ತಾನೆ. ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಬಂದು ಗೂಡನ್ನು ಬೆರಳಲ್ಲಿ ಒತ್ತುತ್ತಾರೆ, ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಕಲೆ ಬಿದ್ದದ್ದು, ತೆಳುವಾದದ್ದು, ಎರಡು ಹುಳ ಸೇರಿ ಕಟ್ಟಿದ್ದು ಎಷ್ಟಿದೆ ಅಂತ ಕಣ್ಣಲ್ಲೇ ಲೆಕ್ಕ ಹಾಕುತ್ತಾರೆ. ಕೆ.ಜಿ. ಗೂಡಿಗೆ ಎಷ್ಟು ನೂಲು ಅನ್ನುವುದು ಬಿಚ್ಚಿದ ಮೇಲೇ ಗೊತ್ತಾಗುವುದು. ಆದ್ದರಿಂದ ಪ್ರತಿ ಬಿಡ್ಡೂ ಒಂದು ಅಂದಾಜು. ಮೊದಲು ಕೂಗುತ್ತಿದ್ದ ಬೆಲೆಯನ್ನು ಈಗ ಮೊಬೈಲ್‌ನಲ್ಲಿ ಒತ್ತುತ್ತಾರೆ. ಕೂಗುವವರ ಮುಲಾಜು, ಬೆದರಿಕೆ ಇದರಿಂದ ಕಡಿಮೆಯಾಯಿತು, ಅದು ನಿಜಕ್ಕೂ ಒಳ್ಳೆಯದು. ಬೆಲೆ ಒಪ್ಪಿಗೆಯಾಗದಿದ್ದರೆ ಬೇಡ ಅನ್ನುವ ಹಕ್ಕೂ ರೈತನಿಗಿದೆ.

ಆದರೆ ಬೇಡ ಅಂದು ಅವನು ಎಲ್ಲಿಗೆ ಹೋಗಬೇಕು? ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಹೊರಗೆ ಬರುತ್ತದೆ, ಎಳೆ ತುಂಡಾಗುತ್ತದೆ, ಗೂಡಿನ ಬೆಲೆ ಅಲ್ಲಿಗೆ ಮುಗಿಯಿತು. ಶಿರಸಿಯ ಅಡಿಕೆ ಬೆಳೆಗಾರ ಒಣಗಿಸಿದ ಅಡಿಕೆಯನ್ನು ಅಟ್ಟದಲ್ಲಿಟ್ಟು ಮುಂದಿನ ತಿಂಗಳ ಟೆಂಡರ್‌ಗೆ ಕಾಯಬಲ್ಲ. ಅವನ ‘ಬೇಡ’ಕ್ಕೆ ತೂಕವಿದೆ. ಗೂಡನ್ನು ಬಿಸಿಗಾಳಿಯಲ್ಲಿ ಒಣಗಿಸಿದರೆ ಅದನ್ನೂ ತಿಂಗಳುಗಟ್ಟಲೆ ಇಡಬಹುದು. ಆದರೆ ಅದನ್ನು ಮಾಡುವುದು ಹೆಚ್ಚಾಗಿ ಕೊಂಡುಕೊಂಡ ರೀಲರ್. ಅಂದರೆ ಕೊಳ್ಳುವವನು ಕಾಯಬಲ್ಲ, ಮಾರುವವನು ಕಾಯಲಾರ. ಮಾರುಕಟ್ಟೆ ಆವರಣದಲ್ಲೇ ರೈತನ ಹೆಸರಿನಲ್ಲಿ ಗೂಡು ಒಣಗಿಸಿ ಇಡುವ ಯಂತ್ರ, ಗೋದಾಮು ಮತ್ತು ಆ ಮಾಲಿನ ಮೇಲೆ ಸ್ವಲ್ಪ ಸಾಲ, ಹೊಸ ಆ್ಯಪ್‌ಗಿಂತ ಮುಂಚೆ ಕೇಳಬೇಕಾದದ್ದು ಇವನ್ನು.