ಎರಡನೇ ಚಾಕು ಮೊದಲನೆಯದರ ತಮ್ಮನಾಗಬಾರದು

ಫ್ರಿಜ್ ಬಾಗಿಲಿಗೆ ಅಂಟಿಸಿರುವ ಮ್ಯಾಗ್ನೆಟ್ ಒಂದನ್ನು ಕಿತ್ತುಕೊಂಡು ಅಡುಗೆಮನೆಯಲ್ಲಿ ಒಂದು ಸುತ್ತು ಹಾಕಿ. ಒಳ್ಳೆ ಸ್ಟೀಲಿನ ಡಬ್ಬಕ್ಕೆ ಹಿಡಿದರೆ ಜಾರಿ ಬೀಳುತ್ತದೆ. ಊಟದ ಚಮಚದ್ದೂ ಹೆಚ್ಚುಕಡಿಮೆ ಅದೇ ಕಥೆ. ತರಕಾರಿ ಹೆಚ್ಚುವ ಚಾಕುವಿನ ಹತ್ತಿರ ತಂದರೆ ಮಾತ್ರ ಟಪ್ ಅಂತ ಅಂಟಿಕೊಳ್ಳುತ್ತದೆ.

ಪಾತ್ರೆ ಅಂಗಡಿಯಲ್ಲಿ ಇದೊಂದು ಹಳೇ ಪರೀಕ್ಷೆ. ಅಂಟಿದರೆ ಡೂಪ್ಲಿಕೇಟ್, ಅಂಟದಿದ್ದರೆ ಅಸಲಿ ಸ್ಟೇನ್‌ಲೆಸ್. ಪಾತ್ರೆಗೇ ಈ ಪರೀಕ್ಷೆ ಪೂರ್ತಿ ನಂಬುವಂಥದ್ದಲ್ಲ. ನಿಕ್ಕಲ್ ಉಳಿಸಲು ಮ್ಯಾಂಗನೀಸ್ ಸೇರಿಸಿದ ಅಗ್ಗದ ಸ್ಟೀಲಿಗೂ ಮ್ಯಾಗ್ನೆಟ್ ಅಂಟಲ್ಲ. ಚಾಕುವಿಗಂತೂ ಇದು ಪೂರ್ತಿ ಉಲ್ಟಾ. ಮ್ಯಾಗ್ನೆಟ್ ಅಂಟದ ಉಕ್ಕಿನ ಚಾಕುವನ್ನು ಯಾರಾದರೂ ಮಾರಲು ಬಂದರೆ ವಾಪಸ್ ಕಳಿಸಿ. ಅದು ಚಾಕುವಿನ ಆಕಾರದ ಚಮಚ.

ಈ ಮಾತು ಯಾಕೆ ಬಂತೆಂದರೆ, ಗೆಳೆಯರು ಆಗಾಗ ಒಂದು ಪ್ರಶ್ನೆ ಕೇಳುತ್ತಾರೆ: ಜೇಬಿನಲ್ಲಿ ಒಂದು ಮಡಚುವ ಚಾಕು ಇದೆ, ಎರಡನೆಯದು ಯಾವುದು ತಗೊಳ್ಳಲಿ? ಕೇಳುವಾಗಲೇ ಮೊಬೈಲ್‌ನಲ್ಲಿ ಒಂದು ಫೋಟೋ ತೋರಿಸುತ್ತಾರೆ. ಹತ್ತಕ್ಕೆ ಒಂಬತ್ತು ಸಲ ಅದು ಮೊದಲನೆಯದರ ಅಣ್ಣನೋ ತಮ್ಮನೋ ಆಗಿರುತ್ತದೆ. ಅದೇ ಉಕ್ಕು, ಅದೇ ದಪ್ಪ, ಸ್ವಲ್ಪ ದೊಡ್ಡ ಅಲಗು, ಮೇಲೆ ಕಪ್ಪು ಬಣ್ಣ. 'ಸರ್ಜಿಕಲ್ ಸ್ಟೀಲ್' ಅಂತ ಬೇರೆ ಬರೆದಿರುತ್ತಾರೆ. ಆ ಹೆಸರಿಗೆ ಯಾವ ಒಂದು ಉಕ್ಕಿನ ಹಿಡಿತವೂ ಇಲ್ಲ, ಯಾರು ಯಾವುದಕ್ಕೆ ಬೇಕಾದರೂ ಹಾಕಿಕೊಳ್ಳಬಹುದು. ಮೊದಲ ಚಾಕುವಿಗೆ ಆಗದ ಕೆಲಸ ಎರಡನೆಯದಕ್ಕೆ ಆಗಬೇಕು, ಅಲ್ವಾ? ಹಾಗಿದ್ದರೆ ಅದು ಬೇರೆ ಉಕ್ಕಿನದ್ದು, ಬೇರೆ ದಪ್ಪದ್ದು ಇರಬೇಕು. ಎಲ್ಲವೂ ಒಂದೇ ಚಾಕುವಿನಲ್ಲಿ ಸಿಗದಿರಲು ಕಾರಣ ಕಂಪನಿಗಳ ಜಿಪುಣತನವಲ್ಲ. ಕಬ್ಬಿಣದ ಒಳಗಿನ ಕಥೆಯೇ ಹಾಗಿದೆ.

ಕಬ್ಬಿಣದ ಪರಮಾಣುಗಳು ಸಾಲಾಗಿ, ಲೆಕ್ಕ ಹಾಕಿದ ಹಾಗೆ ನಿಂತಿರುತ್ತವೆ. 912 ಡಿಗ್ರಿ ಸೆಲ್ಸಿಯಸ್ ದಾಟಿದರೆ ಶುದ್ಧ ಕಬ್ಬಿಣ ಆ ಸಾಲಿನ ವ್ಯವಸ್ಥೆಯನ್ನೇ ಬದಲಿಸಿಕೊಳ್ಳುತ್ತದೆ. ಹೊಸ ವ್ಯವಸ್ಥೆಯಲ್ಲಿ ಪರಮಾಣುಗಳ ನಡುವಿನ ಸಂದು ದೊಡ್ಡದು. ಇಂಗಾಲ ಅಲ್ಲಿ ಆರಾಮಾಗಿ ಕೂರುತ್ತದೆ, ತೂಕದಲ್ಲಿ ಶೇಕಡಾ 2ರ ಹತ್ತಿರದವರೆಗೂ. ಆರಿದ ಕಬ್ಬಿಣದಲ್ಲಿ ಶೇಕಡಾ 0.02ಕ್ಕಿಂತ ಜಾಸ್ತಿ ಇಂಗಾಲಕ್ಕೆ ಜಾಗವಿಲ್ಲ. ನಿಧಾನವಾಗಿ ಆರಿಸಿದರೆ ಇಂಗಾಲ ಹೊರಬಂದು ಬೇರೆ ಸಂಯುಕ್ತವಾಗಿ ಕೂತುಬಿಡುತ್ತದೆ. ಕೆಂಪಗೆ ಕಾದ ಅಲಗನ್ನು ಚೊಯ್ಯನೆ ಎಣ್ಣೆಯಲ್ಲಿ ಅದ್ದಿದರೆ?

ಮೆಜೆಸ್ಟಿಕ್‌ನಲ್ಲಿ ತುಂಬಿದ ಬಿಎಂಟಿಸಿ ಬಸ್ಸನ್ನು ನೆನೆಸಿಕೊಳ್ಳಿ. ಬಸ್ ಸ್ಟಾಪಿನಲ್ಲಿ ಸಾವಕಾಶವಾಗಿ ನಿಂತರೆ ಇಳಿಯುವವರು ಬಾಗಿಲಿಗೆ ಸರಿದು ಇಳಿಯುತ್ತಾರೆ. ಡ್ರೈವರ್ ಧಡಕ್ಕನೆ ಬಾಗಿಲು ಹಾಕಿ ಹೊರಟರೆ ಇಳಿಯಬೇಕಾದವರೆಲ್ಲ ಒಳಗೇ ಸಿಕ್ಕಿಕೊಳ್ಳುತ್ತಾರೆ, ಅಕ್ಕಪಕ್ಕದವರನ್ನು ಒತ್ತುತ್ತಾ ನಿಲ್ಲುತ್ತಾರೆ. ಆ ಪ್ರಯಾಣಿಕರು ಇಂಗಾಲ. ಇನ್ನು ಕಂಡಕ್ಟರ್. ಲೋಹ ಬಾಗುವುದೆಂದರೆ ಪರಮಾಣುಗಳ ಸಾಲಿನಲ್ಲಿರುವ ಒಂದು ಸಣ್ಣ ದೋಷ ಈ ತುದಿಯಿಂದ ಆ ತುದಿಗೆ ಸರಿದು ಹೋಗುವುದು. ಆ ದೋಷವೇ ನಮ್ಮ ಕಂಡಕ್ಟರ್. ಖಾಲಿ ಬಸ್ಸಿನಲ್ಲಿ ಸಲೀಸಾಗಿ ಓಡಾಡುತ್ತಾನೆ, ಆಗ ಲೋಹ ಮೆತ್ತಗೆ. ಜನ ಕಿಕ್ಕಿರಿದರೆ ಒಂದು ಹೆಜ್ಜೆ ಇಡಲೂ ಆಗಲ್ಲ, ಲೋಹ ಗಟ್ಟಿ. ಈ ಕಿಕ್ಕಿರಿದ ಸ್ಥಿತಿಗೆ ಮಾರ್ಟೆನ್‌ಸೈಟ್ ಎಂದು ಹೆಸರು. ಮ್ಯಾಗ್ನೆಟ್‌ಗೆ ಅಂಟುವುದು ಇದೇ. ಡಬ್ಬದ ಸ್ಟೀಲಿನಲ್ಲಿ ಶೇಕಡಾ 18 ಕ್ರೋಮಿಯಂ ಜೊತೆಗೆ ಸುಮಾರು ಶೇಕಡಾ 8 ನಿಕ್ಕಲ್ ಇರುತ್ತದೆ. ಆ ನಿಕ್ಕಲ್ ಆರಿದ ಮೇಲೂ ಬಿಸಿಯ ವ್ಯವಸ್ಥೆಯನ್ನೇ ಹಿಡಿದಿಟ್ಟುಕೊಳ್ಳುತ್ತದೆ. ಮ್ಯಾಗ್ನೆಟ್ ಅಂಟಲ್ಲ, ಅದ್ದಿದರೂ ಗಟ್ಟಿಯಾಗಲ್ಲ.

ಆದರೆ ಅಷ್ಟು ಕಿಕ್ಕಿರಿದ ಬಸ್ಸು ಒಂದು ಗುಂಡಿಗೆ ಇಳಿದರೂ ಅಪಾಯ. ಅದ್ದಿ ತೆಗೆದ ಅಲಗು ನೆಲಕ್ಕೆ ಬಿದ್ದರೆ ಚಟ್ ಅಂತ ಮುರಿಯಬಹುದು. ಅದಕ್ಕೇ ಮತ್ತೆ ಹದವಾಗಿ ಕಾಯಿಸುತ್ತಾರೆ. ಮುಂದಿನ ಸ್ಟಾಪಿನಲ್ಲಿ ಒಂದಿಷ್ಟು ಜನ ಇಳಿಯುತ್ತಾರೆ, ಕಂಡಕ್ಟರ್‌ಗೆ ಉಸಿರಾಡಲು ಜಾಗ ಸಿಗುತ್ತದೆ. ಹದ ಕಡಿಮೆಯಾದರೆ ಅಂಚು ಚಕ್ಕೆ ಏಳುತ್ತದೆ, ಜಾಸ್ತಿಯಾದರೆ ಮಡಚಿಕೊಳ್ಳುತ್ತದೆ. ಎರಡೂ ಬೇಡ ಅನ್ನುವ ಆಯ್ಕೆ ಇಲ್ಲ. ಎಷ್ಟು ಎಷ್ಟು ಅನ್ನುವುದಷ್ಟೇ ಚೌಕಾಸಿ.

ಈ ಹದದ ಬಗ್ಗೆ ನನಗೆ ತುಂಬಾ ಇಷ್ಟವಾದ ದಾಖಲೆ ಒಂದು ಜೇಬಿನ ಚಾಕುವಿನದ್ದೇ. 1794ರಲ್ಲಿ ಮುಂಬೈಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಭಾರತದ ಮೂಸೆ ಉಕ್ಕಿನ ಗಟ್ಟಿಗಳನ್ನು ಕಳಿಸಿದರು. ಯುರೋಪಿನವರು ಅದನ್ನು ವೂಟ್ಜ್ ಎನ್ನುತ್ತಿದ್ದರು. ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕ ಅದರಿಂದ ಒಂದು ಪುಟ್ಟ ಪೆನ್‌ನೈಫ್ ಮಾಡಿದ. ಹದ ಹಾಕಿದ್ದು 450 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಂದರೆ ಸುಮಾರು 232 ಡಿಗ್ರಿ ಸೆಲ್ಸಿಯಸ್. ಒಳ್ಳೆಯ ಉಕ್ಕಿನ ಚಾಕುವಿನಷ್ಟೇ ಚೆನ್ನಾಗಿ ಕತ್ತರಿಸುತ್ತದೆ ಎಂದು ಆ ಉಕ್ಕನ್ನು ಪರೀಕ್ಷಿಸಿದ ವೈದ್ಯ, ರಸಾಯನಶಾಸ್ತ್ರಜ್ಞ ಜಾರ್ಜ್ ಪಿಯರ್ಸನ್ 1795ರಲ್ಲಿ ಬರೆದರು. ಅನೇಕ ಕೆಲಸಕ್ಕೆ ಇಂಗ್ಲೆಂಡಿನ ಯಾವ ಉಕ್ಕಿಗಿಂತಲೂ ಇದೇ ಮೇಲು ಅನ್ನುವುದು ಸ್ಟೊಡಾರ್ಟ್‌ನ ಅಭಿಪ್ರಾಯವಾಗಿತ್ತು. ಮುಂದೆ ಇದೇ ಸ್ಟೊಡಾರ್ಟ್ ಜೊತೆ ಕೂತು ವೂಟ್ಜ್ ಗುಟ್ಟು ಹುಡುಕಲು ಹೊರಟವರು ಕಮ್ಮಾರನ ಮಗ ಮೈಕೆಲ್ ಫ್ಯಾರಡೆ. ಗುಟ್ಟು ಅಲ್ಯೂಮಿನಾದಲ್ಲಿದೆ (ಅಲ್ಯೂಮಿನಿಯಂನ ಆಕ್ಸೈಡ್) ಅಂದುಕೊಂಡರು. ಇದ್ದದ್ದು ಇಂಗಾಲದಲ್ಲಿ.

ನಮ್ಮ ಮೈಸೂರು ಸೀಮೆಯಲ್ಲೂ ಈ ಉಕ್ಕು ಮಾಡುತ್ತಿದ್ದರು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಇಲ್ಲೆಲ್ಲ ತಿರುಗಾಡಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದಲ್ಲಿ ಉಕ್ಕಿನ ತಂತಿ ಎಳೆಯುವುದನ್ನು ದಾಖಲಿಸಿದ್ದಾರೆ. ವಾದ್ಯಗಳಿಗೆ ಹಾಕುವ ಆ ತಂತಿ ದೂರದ ಊರುಗಳಿಗೆಲ್ಲ ಹೋಗುತ್ತಿತ್ತು. ಇವತ್ತು ಬೆಂಗಳೂರಿನಿಂದ ಮೈಸೂರಿಗೆ ಹೋಗುವವರು ಚನ್ನಪಟ್ಟಣ ಅಂದರೆ ಬೊಂಬೆ ಅಂತಷ್ಟೇ ಹೇಳುತ್ತಾರೆ.

ಚಾಕುವಿಗೆ ಬರೋಣ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಸವೆಯದ ಉಕ್ಕು ಹುಡುಕುತ್ತಾ ಶೇಕಡಾ 12.8 ಕ್ರೋಮಿಯಂ ಇದ್ದ ಒಂದು ಎರಕ ಹೊಯ್ದರು. ಅದು ತುಕ್ಕು ಹಿಡಿಯಲಿಲ್ಲ. ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೇಲೆ ಒಂದು ಪೊರೆ ಕಟ್ಟುತ್ತದೆ. ದಪ್ಪ ಕೆಲವೇ ನ್ಯಾನೋಮೀಟರ್. ಗೀರಿದರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಆಗಿನ ಚಾಕುವಿನವರು 'ಕತ್ತರಿಸದ ಚಾಕು ಕಂಡುಹಿಡಿದವನು' ಅಂತ ಬ್ರಿಯರ್ಲಿಯನ್ನು ಆಡಿಕೊಂಡರು. ಪೂರ್ತಿ ಸುಳ್ಳೂ ಅಲ್ಲ. ಗಟ್ಟಿಯಾಗಲು ಇಂಗಾಲ ಬೇಕು. ಆ ಇಂಗಾಲವೇ ಕ್ರೋಮಿಯಂ ಅನ್ನು ಹಿಡಿದು ಕಾರ್ಬೈಡ್ ಮಾಡಿಕೊಂಡು, ಪೊರೆ ಕಟ್ಟಲು ಉಳಿಯದ ಹಾಗೆ ಮಾಡುತ್ತದೆ. ಕ್ರೋಮಿಯಂ ಇನ್ನೂ ಸುರಿದರೆ ಕಾರ್ಬೈಡ್ ದಪ್ಪದಪ್ಪ ಕಾಳಾಗಿ ಅಂಚು ಉದುರುತ್ತದೆ. ಪುಡಿಯಿಂದ ಮಾಡುವ ಹೊಸ ಉಕ್ಕುಗಳು ಈ ಜಗಳವನ್ನು ಸುಮಾರಾಗಿ ಬಗೆಹರಿಸಿವೆ, ನಿಜ. ಬೆಲೆ ಕೇಳಿದ ಮೇಲೆ ಸೀಬೆಹಣ್ಣು ಹೆಚ್ಚಲು ಮನಸ್ಸು ಬರಲ್ಲ.

ಈಗ ನಿಮ್ಮ ಮೊದಲ ಚಾಕು ಏನು ಮಾಡುತ್ತದೆ ನೋಡಿ. ಬೆಂಗಳೂರಿನಲ್ಲಾದರೆ ಅದರ ಮುಖ್ಯ ಕೆಲಸ ಪಾರ್ಸೆಲ್ ಒಡೆಯುವುದು. ರಟ್ಟು ಮೆತ್ತಗಿದೆ, ಚಾಕುವಿಗೇನು ಆಗುತ್ತದೆ ಅನ್ನಬೇಡಿ. ಮರುಬಳಕೆಯ ರಟ್ಟಿನಲ್ಲಿ ಜೇಡಿ, ಮರಳಿನ ನುಣ್ಣನೆ ಪುಡಿ ಸೇರಿಕೊಂಡಿರುತ್ತದೆ. ಅದೂ ಬೇಡ, ಕೂದಲನ್ನೇ ತಗೊಳ್ಳಿ. ಶೇವಿಂಗ್ ಬ್ಲೇಡಿನ ಉಕ್ಕಿಗಿಂತ ಕೂದಲು ಸುಮಾರು 50 ಪಟ್ಟು ಮೆತ್ತಗೆ. ಆದರೂ ಒಂದೊಂದೇ ಕೂದಲು ಕತ್ತರಿಸುವಾಗ ಬ್ಲೇಡಿನ ಅಂಚು ಚಕ್ಕೆ ಏಳುವುದನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2020ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ತೋರಿಸಿದರು. ಕೂದಲು ಬಾಗಿ ಅಂಚನ್ನು ಪಕ್ಕಕ್ಕೆ ತಳ್ಳುತ್ತದೆ, ಅಂಚಿನಲ್ಲಿ ಉಕ್ಕು ಒಂದೇ ಸಮ ಇಲ್ಲದ ಕಡೆ ಬಿರುಕು ಶುರುವಾಗುತ್ತದೆ.

ರಟ್ಟು ಕೊಯ್ಯುವ ಚಾಕುವಿಗೆ ಟೇಪಿನ ಅಂಟು ಬೇರೆ. ಅದರಲ್ಲೇ ಹಣ್ಣು ಹೆಚ್ಚುವುದು ಯಾರಿಗೆ ಬೇಕು? ಹಾಗಾಗಿ ನನ್ನ ಪ್ರಕಾರ ಎರಡನೇ ಚಾಕು ತಿನ್ನುವ ಕೆಲಸದ್ದು. ಅದಕ್ಕೆ ಉಕ್ಕಿಗಿಂತ ಅಲಗು ತೆಳುವಾಗಿರುವುದು ಮುಖ್ಯ. ಗಟ್ಟಿ ಸೀಬೆಕಾಯಿ ಒಂದನ್ನು ದಪ್ಪ ಅಲಗಿನಿಂದ ಹೆಚ್ಚಿ. ಅರ್ಧ ಇಳಿಯುವಷ್ಟರಲ್ಲಿ ಟಕ್ ಅಂತ ಎರಡು ಹೋಳು. ಹೋಳಿನ ಮೈ ಒರಟು, ಬೀಜದ ಗೂಡು ಚೆಲ್ಲಾಪಿಲ್ಲಿ. ಅಂಚು ಕತ್ತರಿಸಿದ್ದು ಮೇಲಿನ ಅರ್ಧ ಮಾತ್ರ. ಉಳಿದದ್ದನ್ನು ಅಲಗಿನ ಹಿಂಭಾಗ ಸೀಳಿದೆ. ತೆಳು ಅಲಗಿನಲ್ಲಿ, ಒತ್ತದೆ, ಎಳೆದು ಹೆಚ್ಚಿ. ಕೊನೆತನಕ ನಯವಾಗಿ ಇಳಿಯುತ್ತದೆ, ಕೊಯ್ದ ಮೈ ಮಿನುಗುತ್ತದೆ. ಎಷ್ಟು ಮೊನಚಾಗಿದ್ದರೂ ದಪ್ಪ ಅಲಗಿಗೆ ಇದು ಸಾಧ್ಯವಿಲ್ಲ. ಕೊಳ್ಳುವಾಗ ಅಂಚಿನ ಮೇಲೆ ಬೆರಳು ಆಡಿಸಿ ನೋಡುವ ಬದಲು ಅಲಗಿನ ಬೆನ್ನು ನೋಡಿ.

ಮೊದಲನೆಯದು ವಿಕ್ಟೋರಿನಾಕ್ಸ್ ಥರದ ಮೆತ್ತನೆ ಸ್ಟೇನ್‌ಲೆಸ್ ಆದರೆ (ಗಡಸುತನ ರಾಕ್‌ವೆಲ್ ಅಳತೆಯಲ್ಲಿ ಸುಮಾರು 56), ಎರಡನೆಯದಕ್ಕೆ ಫ್ರಾನ್ಸಿನ ಒಪಿನೆಲ್ ಥರದ ಕಾರ್ಬನ್ ಉಕ್ಕಿನ (ಕ್ರೋಮಿಯಂ ಹೆಚ್ಚುಕಡಿಮೆ ಇಲ್ಲದ, ತುಕ್ಕು ಹಿಡಿಯುವ ಉಕ್ಕು), ಮರದ ಹಿಡಿಯ ಚಾಕು ನನ್ನ ಆಯ್ಕೆ. ಶೇಕಡಾ 0.9 ಇಂಗಾಲ, ತೆಳು ಅಲಗು, ಸಾಣೆಕಲ್ಲಿಗೆ ಬೇಗ ಒಗ್ಗುತ್ತದೆ. ಆದರೆ ಬಾಳೆಕಾಯಿ ಹೆಚ್ಚಿದರೆ ಕಾಯಿಯೂ ಅಲಗೂ ಕಪ್ಪಾಗುತ್ತವೆ. ಕಾಯಿಯ ಒಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಆಗುವ ಕಪ್ಪು ಅದು. ಯುರೋಪಿನಲ್ಲಿ ನೂರಾರು ವರ್ಷ ಬರವಣಿಗೆಗೆ ಬಳಸಿದ ಶಾಯಿಯೂ ಇದೇ ರಸಾಯನ. ವಿಷವಲ್ಲ, ಗಾಬರಿ ಬೇಡ. ಮಾವಿನಕಾಯಿಗೆ ಮಾತ್ರ ಬೇಡ, ಹುಳಿಗೆ ಕಬ್ಬಿಣದ ರುಚಿ ಹತ್ತುತ್ತದೆ.

ಆಯುಧಪೂಜೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ. ಪೂಜೆ ಮಾಡಿ, ಬೇಡ ಅನ್ನುವವನಲ್ಲ. ಆದರೆ ನಿಂಬೆಹಣ್ಣು ಕೊಯ್ದು, ಕುಂಕುಮ ಹಚ್ಚಿ, ಕಾರ್ಬನ್ ಉಕ್ಕನ್ನು ರಾತ್ರಿಯಿಡೀ ಹಾಗೇ ಬಿಟ್ಟರೆ ಬೆಳಗ್ಗೆ ಸಿಗುವುದು ಸಿಟ್ರಿಕ್ ಆಮ್ಲ ತಿಂದ ಅಲಗು. ಕೈಯಿಂದ ಕೈಗೆ ಚಾಕು ಕೊಟ್ಟರೆ ಜಗಳ ಆಗುತ್ತದೆ ಅನ್ನುತ್ತಾರಲ್ಲ, ಕೆಳಗಿಟ್ಟು ಕೊಡುವ ಆ ಅಭ್ಯಾಸ ಚೆನ್ನಾಗೇ ಇದೆ, ಬೆರಳು ಉಳಿಯುತ್ತದೆ. ಕೆಟ್ಟ ಕನಸಿಗೆ ದಿಂಬಿನ ಕೆಳಗೆ, ಮಗುವಿನ ಹಾಸಿಗೆ ಪಕ್ಕ ಚಾಕು ಇಡುವುದನ್ನು ಮಾತ್ರ ನಾನು ಒಪ್ಪಲಾರೆ. ಕಬ್ಬಿಣ ಯಾವ ಕನಸನ್ನೂ ತಡೆಯಲ್ಲ. ಮಗುವಿನ ಕೈ ಎಲ್ಲಿಗೆ ಹೋಗುತ್ತದೋ ಯಾರು ಕಂಡರು.

ಸಾಣೆ ಹಿಡಿಯುವವರು ಬೀದಿಗೆ ಬಂದಾಗ ಕಿಡಿ ಹಾರುವುದನ್ನು ನೋಡಲು ಚೆಂದ. ಕಾರ್ಬನ್ ಉಕ್ಕಿನ ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಅಲ್ಲಿ 300 ಡಿಗ್ರಿಯ ಆಸುಪಾಸು ಬಿಸಿ ತಾಗಿದೆ ಅಂತ ಅರ್ಥ. ಸ್ಟೊಡಾರ್ಟ್ ಲೆಕ್ಕ ಹಾಕಿ ನಿಲ್ಲಿಸಿದ 232 ದಾಟಿ ಹೋಯಿತು, ಅಂಚು ಮೆತ್ತಗಾಯಿತು. ಮನೆಯಲ್ಲೇ ನೀರು ಹಾಕಿ ಕಲ್ಲಿನ ಮೇಲೆ ಉಜ್ಜಿಕೊಳ್ಳಿ.

ಇನ್ನು ಒಯ್ಯುವ ವಿಷಯ. ಶಸ್ತ್ರಾಸ್ತ್ರ ಕಾಯ್ದೆ 1959ರ ಅಡಿಯ ನಿಯಮಗಳು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು, ಮನೆ, ಹೊಲ, ಕಾರ್ಖಾನೆ ಕೆಲಸದ್ದಲ್ಲದಿದ್ದರೆ, ಆಯುಧದ ಪಟ್ಟಿಗೆ ಹಾಕುತ್ತವೆ. ಜೇಬಿನ ಚಾಕು ಅಷ್ಟು ದೊಡ್ಡದಿರಲ್ಲ. ಆದರೆ ನಮ್ಮ ಮೆಟ್ರೋದ ಸ್ಕ್ಯಾನರ್‌ಗೆ ಇಂಚಿನ ಲೆಕ್ಕ ಹೇಳಿ ಉಪಯೋಗವಿಲ್ಲ, ಚಾಕು ಒಳಗೆ ಬಿಡಲ್ಲ. ವಿಮಾನದಲ್ಲಿ ಚೆಕ್-ಇನ್ ಬ್ಯಾಗಿಗೆ ಹಾಕಬೇಕು. ಆದ್ದರಿಂದ ಎರಡನೇ ಚಾಕು ಜೇಬಿನಲ್ಲಿ ಓಡಾಡುವ ಬದಲು ಆಫೀಸಿನ ಡ್ರಾಯರ್‌ನಲ್ಲೇ ಇರುವುದು ವಾಸಿ. ಉಕ್ಕಿಗೂ ಅದೇ ಒಳ್ಳೆಯದು. ಬೆವರಿನ ಉಪ್ಪು ಸ್ಟೇನ್‌ಲೆಸ್ ಪೊರೆಯನ್ನೂ ತೂತು ಮಾಡುತ್ತದೆ, ಕಾರ್ಬನ್ ಉಕ್ಕಿನ ಗತಿ ಕೇಳಲೇಬೇಡಿ.

ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿಡಿ. ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಬೇಡ, ಗಾಳಿ ಕುಡಿದು ಜಿಗುಟಾಗುತ್ತವೆ. ಕೊಬ್ಬರಿ ಎಣ್ಣೆ ಅಷ್ಟು ಬೇಗ ಕೆಡಲ್ಲ, ಆದರೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ಬೆಂಗಳೂರಿನಲ್ಲಿ ಅದರ ಬಾಟಲಿಯನ್ನು ಬಿಸಿಲಿಗೆ ಇಡುತ್ತೇವಲ್ಲ, ಚಾಕುವಿನ ಕೀಲಿನಲ್ಲೂ ಅದೇ ಆಗುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ತಗೊಳ್ಳಿ. ಮಲಬದ್ಧತೆಗೆ ಕೊಡುವ ಔಷಧಿ ಅದು. ಯಾರಿಗೆ ಅಂತ ಅಂಗಡಿಯವರು ಕೇಳಿದರೆ, ಚಾಕುವಿಗೆ ಅನ್ನುವುದಕ್ಕಿಂತ ನನಗೇ ಅನ್ನುವುದು ಸುಲಭ.