ಪೆಟ್ಟು ಬಿದ್ದ ಕಲ್ಲನ್ನು ಗುರುತಿಸುವುದು

ಕಾಫಿ ತೋಟದಲ್ಲಿ ಗುಂಡಿ ತೆಗೆಯುವಾಗ ಬಿಳಿಯ ಬೆಣಚುಕಲ್ಲಿನ ಚೂರುಗಳು ಮೇಲೆ ಬರುವುದು ಕೊಡಗಿನಲ್ಲಿ ಹೊಸತಲ್ಲ. ಆಯ್ದು ಬೇಲಿಯಾಚೆ ಎಸೆಯುತ್ತೇವೆ. ಅವುಗಳಲ್ಲಿ ಯಾವುದು ತಾನಾಗಿ ಒಡೆದದ್ದು, ಯಾವುದು ಮನುಷ್ಯ ಒಡೆದದ್ದು? ಸೋಮವಾರಪೇಟೆ ಕಡೆಯ ಶಾಲೆಯೊಂದರಲ್ಲಿ ಎರಡು ದಿನ ನಡೆದ ಶಿಲಾಯುಧ ಕಮ್ಮಟಕ್ಕೆ ನಾನು ಹೋದದ್ದು ಈ ಪ್ರಶ್ನೆಯ ಬೆನ್ನು ಹತ್ತಿ.

ಮೊದಲ ಬೆಳಿಗ್ಗೆ ಉಪನ್ಯಾಸ. 1863ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಆದಿಮಾನವರ ಕಲ್ಲಿನ ಆಯುಧವಾದ ಕೈಕೊಡಲಿಯೊಂದನ್ನು ಗುರುತಿಸಿದ್ದರಿಂದ ಹಿಡಿದು ನಮ್ಮದೇ ಯಾದಗಿರಿ ಜಿಲ್ಲೆಯ ಇಸಾಂಪುರದವರೆಗೆ ಕಥೆ ಸಾಗಿತು. ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರ ತಂಡ ಅಗೆದು ತೆಗೆದದ್ದು ಆದಿಮಾನವರ ಸುಣ್ಣಕಲ್ಲಿನ ಕ್ವಾರಿಯನ್ನು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲಿನ ಎನಾಮಲ್ ಪರೀಕ್ಷಿಸಿದಾಗ ಹೊರಬಂದ ವಯಸ್ಸು ಸುಮಾರು 12 ಲಕ್ಷ ವರ್ಷ.

ಮಧ್ಯಾಹ್ನ ಅಂಗಳದಲ್ಲಿ ಟಾರ್ಪಾಲು ಹಾಸಿದರು. ಕಣ್ಣಿಗೆ ಕನ್ನಡಕ, ತೊಡೆಯ ಮೇಲೆ ದಪ್ಪ ಚರ್ಮ. ಪ್ರಾತ್ಯಕ್ಷಿಕೆ ನೀಡಿದವರು ಎಡಗೈಯಲ್ಲಿ ಚರ್ಟ್ ಎಂಬ ನುಣುಪಾದ ಗಡಸು ಕಲ್ಲಿನ ಗಟ್ಟಿ, ಬಲಗೈಯಲ್ಲಿ ಹೊಳೆಯ ಗುಂಡುಕಲ್ಲು ಹಿಡಿದು, ಹೊಡೆಯುವುದಕ್ಕಿಂತ ಹೆಚ್ಚು ಹೊತ್ತು ನೋಡುತ್ತಲೇ ಕುಳಿತರು. ಅಂಚಿನ ಕೋನ 90 ಡಿಗ್ರಿಗಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಪೆಟ್ಟಿನ ಬಲ ಕಲ್ಲಿನ ಒಡಲಿಗೆ ಇಳಿದು ಅಲ್ಲೇ ಸೋರಿಹೋಗುತ್ತದೆ. ಕೊನೆಗೆ ಒಂದು ಪೆಟ್ಟು. ಟಣ್ಣೆಂಬ ಸದ್ದಿನೊಂದಿಗೆ ಚಕ್ಕೆ ಅವರ ಅಂಗೈಗೇ ಬಿತ್ತು.

ಆ ಚಕ್ಕೆಯ ಒಳಮೈಯನ್ನು ನಾನು ಬೆರಳಿನಿಂದ ಸವರಿದೆ. ಪೆಟ್ಟು ಬಿದ್ದ ಜಾಗದ ಕೆಳಗೆ ಸಣ್ಣದೊಂದು ಉಬ್ಬು. ಅದರ ಸುತ್ತ, ಕೆರೆಗೆ ಕಲ್ಲೆಸೆದಾಗ ಏಳುವಂತಹ ಅಲೆಗಳು, ಕಲ್ಲಿನಲ್ಲೇ ಹೆಪ್ಪುಗಟ್ಟಿದಂತೆ. ಪೆಟ್ಟಿನ ಬಲ ಶಂಕುವಿನ ಆಕಾರದಲ್ಲಿ ಹರಡಿದ ಗುರುತು ಅದು. ಬಿಸಿಲಿಗೋ ಬೇರಿನ ಒತ್ತಡಕ್ಕೋ ಬಿರಿದ ಕಲ್ಲಿನಲ್ಲಿ ಈ ಉಬ್ಬು ಮೂಡುವುದಿಲ್ಲ. ಹೊಳೆಯಲ್ಲಿ ಕಲ್ಲಿಗೆ ಕಲ್ಲು ಬಡಿದು ಒಂದೊಂದು ಚಕ್ಕೆ ಹಾರಬಹುದು, ನಿಜ. ಆದರೆ ಒಂದೇ ಅಂಚಿನಲ್ಲಿ, ಒಂದೇ ದಿಕ್ಕಿಗೆ, ಒಂದರ ಪಕ್ಕ ಒಂದು ಚಕ್ಕೆ ಎದ್ದಿದ್ದರೆ ಅಲ್ಲಿ ಕೈಯಿತ್ತು, ಲೆಕ್ಕಾಚಾರವೂ ಇತ್ತು. ಪುಸ್ತಕದಲ್ಲಿ ಹತ್ತು ಬಾರಿ ಓದಿದ್ದರೂ ಇದು ನನಗೆ ಅರ್ಥವಾದದ್ದು ಅಂದು, ಹೆಬ್ಬೆರಳಿನ ಮೂಲಕ.

ಆಮೇಲೆ ನಮ್ಮ ಬೆಣಚುಕಲ್ಲಿನ ಸರದಿ. ನಾನು ಹೊಡೆದಾಗ ಅದು ಕಲ್ಲುಸಕ್ಕರೆಯಂತೆ ಪುಡಿಪುಡಿಯಾಯಿತು. ಒಳಗಿನ ಬಿರುಕುಗಳೇ ದಾರಿ ತಪ್ಪಿಸುತ್ತವೆ, ಉಬ್ಬೂ ಅಲೆಯೂ ಸರಿಯಾಗಿ ಮೂಡುವುದಿಲ್ಲ. ಇದಕ್ಕೆ ಬೇರೆಯೇ ಉಪಾಯ: ಅಡಿಗಲ್ಲಿನ ಮೇಲೆ ನಿಲ್ಲಿಸಿ, ಅಡಿಕೆ ಜಜ್ಜುವಂತೆ ಮೇಲಿನಿಂದ ಕುಟ್ಟುವುದು. ಆಗ ಎರಡೂ ತುದಿಯಲ್ಲಿ ನುಗ್ಗಾದ, ಉದ್ದನೆಯ ಚೂಪು ಚೂರುಗಳು ಸಿಗುತ್ತವೆ. ಬೆಣಚು ಕೀಳು ಕಲ್ಲು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮಂತೆಯೇ ಮಳೆಕಾಡಿನ ನಾಡಾದ ಶ್ರೀಲಂಕಾದ ಫಾಹಿಯೆನ್ ಗುಹೆಯಲ್ಲಿ ಸುಮಾರು 48,000 ವರ್ಷಗಳ ಹಿಂದೆಯೇ ಜನರು ಬೆಣಚುಕಲ್ಲಿನ ಪುಟ್ಟ ಉಪಕರಣಗಳನ್ನು ಮಾಡಿಕೊಂಡು, ಕೋತಿ, ಅಳಿಲುಗಳನ್ನು ಬೇಟೆಯಾಡಿ ಬದುಕಿದ್ದರು.

ಮರುದಿನ ಹೊನ್ನಮ್ಮನ ಕೆರೆಯ ಊರಾದ ದೊಡ್ಡಮಳ್ತೆಗೆ ಹೋದೆವು. ದೊಡ್ಡ ಚಪ್ಪಡಿಗಳಿಂದ ಕಟ್ಟಿದ ಅಲ್ಲಿಯ ಬೃಹತ್ ಶಿಲಾ ಸಮಾಧಿಗಳು ಶಿಲಾಯುಗದವಲ್ಲ, ಕಬ್ಬಿಣ ಬಂದ ನಂತರದ ಕಾಲದವು. ಇಂತಹ ಕಲ್ಲುಕೋಣೆಗಳನ್ನು ಪಾಂಡವರ ಮನೆಗಳೆಂದು ಹಿರಿಯರು ಕರೆಯುತ್ತಿದ್ದರು. ಚಪ್ಪಡಿಯ ಅಂಚನ್ನು ಒಂದು ದಿನದ ಹಿಂದೆ ನೋಡಿದ್ದರೆ ಬರೀ ಕಲ್ಲು ಎನ್ನುತ್ತಿದ್ದೆ. ಈಗ ಕಣ್ಣು ತಾನಾಗಿ ಪೆಟ್ಟಿನ ಗುರುತು ಹುಡುಕುತ್ತಿತ್ತು. ನಮ್ಮ ಮಳೆ, ನಮ್ಮ ಹುಳಿ ಮಣ್ಣು ಮೂಳೆಯನ್ನೂ ಮರವನ್ನೂ ಬೇಗ ತಿಂದುಹಾಕುತ್ತವೆ. ಕಲ್ಲನ್ನು ಬಿಟ್ಟರೆ ಇಲ್ಲಿ ಉಳಿಯುವುದು ತೀರಾ ಕಡಿಮೆ. ಆದ್ದರಿಂದಲೇ ಸಿಕ್ಕಿದ ಚೂರನ್ನು ಜೇಬಿಗಿಳಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿ ಬಿದ್ದಿತ್ತು ಎಂಬುದು ಹೋದರೆ ಅದರ ಕಾಲವೂ ಹೋಯಿತು.

ಇಳಿಯುವ ದಾರಿಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬಿಳಿಯ ಚೂರೊಂದರ ಮುಂದೆ ಕುಳಿತಳು. ಪಕ್ಕದಲ್ಲಿ ಐದು ರೂಪಾಯಿ ನಾಣ್ಯವಿಟ್ಟು ಮೊಬೈಲಿನಲ್ಲಿ ಚಿತ್ರ ತೆಗೆದಳು. ಆಮೇಲೆ ಮೆಲ್ಲನೆ ಎತ್ತಿ, ಬೆಳಕಿಗೆ ಓರೆಯಾಗಿ ಹಿಡಿದು, ಎರಡೂ ತುದಿಗಳನ್ನು ನೋಡಿದಳು. ನುಗ್ಗಿರಲಿಲ್ಲ. "ತಾನಾಗಿ ಒಡೆದದ್ದು" ಎಂದಳು. ಚಿತ್ರ ನೋಡಿಕೊಂಡು, ಮೊದಲು ಯಾವ ಮಗ್ಗುಲಾಗಿ ಬಿದ್ದಿತ್ತೋ ಹಾಗೆಯೇ ಅದನ್ನು ಮಣ್ಣಿನ ಕುಳಿಯಲ್ಲಿ ಇಟ್ಟಳು.